ಬಾನೆಟ್ಟಿಗೆ ಇಪ್ಪತ್ತೆಂಟು ಸೀಳು

ನಮ್ಮ ಕುಶಾಲಪ್ಪ ಮೇಜು ಕೊಳ್ಳಲು ಹೋಗಿ ಕಾರು ತಂದವನು. ಇದು ಹೊಗಳಿಕೆಯೂ ಅಲ್ಲ, ತೆಗಳಿಕೆಯೂ ಅಲ್ಲ, ನಡೆದದ್ದೇ ಹಾಗೆ.

ಕೊಡಗು ತನ್ನದೇ ಒಂದು ರಾಜ್ಯವಾಗಿದ್ದ ಕಾಲ. ಇಡೀ ರಾಜ್ಯಕ್ಕೆ ಇಬ್ಬರು ಮಂತ್ರಿಗಳಿದ್ದರು. ಬೆಟ್ಟಗೇರಿಯಿಂದಾಚೆಯ ನಮ್ಮ ಊರಿಗೆ ಒಂದು ಕಾರೂ ಇರಲಿಲ್ಲ. ಪಕ್ಕದ ಎಸ್ಟೇಟಿನ ದೊರೆ ತೋಟ ಮಾರಿ ವಿಲಾಯತಿಗೆ ಹೊರಟವನು ಬಂಗಲೆಯ ಸಾಮಾನನ್ನೆಲ್ಲ ಅಂಗಳದಲ್ಲಿ ಹರವಿ ಮಾರುತ್ತಿದ್ದ. ಕುಶಾಲಪ್ಪ ಒಂದು ಊಟದ ಮೇಜಿನ ಮೇಲೆ ಕಣ್ಣಿಟ್ಟು ನಿಂತಿದ್ದ. ದೊರೆ ಇಂಗ್ಲಿಷಿನಲ್ಲಿ ಏನೋ ಕೇಳಿದ. ಇವನು ಮರ್ಯಾದೆಗೆ 'ಎಸ್ ಸರ್' ಎಂದ. ದೊರೆ ಇನ್ನೇನೋ ಕೇಳಿದ. ಇವನು ಇನ್ನೊಮ್ಮೆ 'ಎಸ್ ಸರ್' ಎಂದ. ಮೂರನೆಯ 'ಎಸ್ ಸರ್'ಗೆ ದೊರೆ ಇವನ ಕೈ ಕುಲುಕಿ, ಕಣ್ಣು ಒರೆಸಿಕೊಂಡು, ಅಂಗೈಯಲ್ಲಿ ಒಂದು ಬೀಗದ ಕೈ ಇಟ್ಟ. ಊಟದ ಮೇಜಿಗೆ ಬೀಗದ ಕೈ ಯಾಕೆ ಎಂದು ಕುಶಾಲಪ್ಪ ನನ್ನನ್ನು ಕೇಳಿದ. ನಾನು ಆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್, ಹೆಸರು ಸಾಂತಪ್ಪ, ಕುಶಾಲಪ್ಪನಿಗೆ ವರಸೆಯಲ್ಲಿ ಬಾವ. "ಡ್ರಾಯರ್ ಇರೊಕು," ಎಂದೆ. ಈ ಕಥೆಯಲ್ಲಿ ನಾನು ಹೇಳಿದ ಮೊದಲ ತಪ್ಪು ಅದು. ಇನ್ನೂ ಇವೆ.

ಆ ಕಾರನ್ನು ಮಾಡಿದ ಕಂಪೆನಿಯ ಹೆಸರು ಹೇಳುವುದಿಲ್ಲ. ಅವರಿಗೂ ಮಾನ ಮರ್ಯಾದೆ ಇರುತ್ತದೆ. ಉದ್ದನೆಯ ಮೂತಿ, ನಡುವೆ ಮಡಚಿ ಎರಡು ಪಕ್ಕಕ್ಕೂ ತೆರೆಯುವ ಬಾನೆಟ್ಟು, ಒರಗಿದರೆ ಎದ್ದೇಳಲು ಮನಸ್ಸಾಗದ ಸೀಟು. ಕುಶಾಲಪ್ಪನಿಗೆ ಆಗ ಮೂವತ್ನಾಲ್ಕು. ಮದುವೆ ಆಗಿರಲಿಲ್ಲ. ಹದಿನೈದು ಎಕರೆ ಕಾಫಿ, ಒಂದು ಮನೆ, ಮನೆ ತುಂಬ ಬೊಳ್ಳಪ್ಪ ದೊಡ್ಡಪ್ಪ. ಮನೆ ತುಂಬ ಎಂದದ್ದು ಯಾಕೆಂದರೆ ದೊಡ್ಡಪ್ಪ ಮೊದಲನೆಯ ಯುದ್ಧದಲ್ಲಿ ಬಸ್ರಾಕ್ಕೆ ಹೋಗಿ ಬಂದವರು, ಕೆಮ್ಮಿದರೂ ಅಪ್ಪಣೆ ಕೊಟ್ಟ ಹಾಗೆ ಕೇಳುತ್ತಿತ್ತು.

ಹೊಸ ವಾಹನಕ್ಕೆ ಪೂಜೆ ಆಗಬೇಕಲ್ಲ. ಜನವರಿಯ ಒಂದು ಸೋಮವಾರ ನಾವಿಬ್ಬರೂ ಭಾಗಮಂಡಲದ ಭಗಂಡೇಶ್ವರನ ಸನ್ನಿಧಿಗೆ ಹೊರಟೆವು. ಚೇರಂಬಾಣೆ ದಾಟಿ ಏರು ಹತ್ತುವಾಗ ಕಾರು ಒಂದು ತರಹ ಗೊರಗೊರ ಎಂದಿತು. ಹಲಸಿನ ಮರದ ತಿರುವು ಬರುವ ಹೊತ್ತಿಗೆ ಬಾನೆಟ್ಟಿನ ಸಂದಿಯಿಂದ ಬುಸ್ಸೆಂದು ಹಬೆ ಎದ್ದು, ಮುಂದಿನ ರಸ್ತೆಯೇ ಕಾಣದಾಯಿತು. ಕಾರು ನಿಂತಿತು. ಕುಶಾಲಪ್ಪ ಇಳಿದು ಕೈಮುಗಿದ. ಯಾರಿಗೆ ಎಂದು ನಾನು ಕೇಳಲಿಲ್ಲ.

ಆ ತಿರುವಿನ ಮೇಲೆ ಹತ್ತು ಮೆಟ್ಟಿಲು ಹತ್ತಿದರೆ ಬೆಳ್ಳಿಯಪ್ಪನವರ ಮನೆ. ಹೆಂಡತಿ ತೀರಿಹೋಗಿ ವರ್ಷಗಳಾಗಿದ್ದವು. ಒಬ್ಬಳೇ ಮಗಳು ಯಮುನ ಮನೆ ನೋಡಿಕೊಂಡಿದ್ದಳು. ಅಪ್ಪನಿಗೆ ಅನ್ನ ಹಾಕುವವರು ಯಾರು ಎಂಬ ಲೆಕ್ಕದಲ್ಲಿ ಮದುವೆಯಾಗದೆಯೇ ಅವಳಿಗೆ ಇಪ್ಪತ್ತಾರು ತುಂಬಿತ್ತು. ಹಬೆಯ ಸದ್ದಿಗೆ ಅವಳೇ ಮೆಟ್ಟಿಲ ಮೇಲೆ ಬಂದು ನಿಂತಳು.

"ಎಂತ ಆತ್?"

ಕುಶಾಲಪ್ಪ ಕಾರನ್ನು ನೋಡಿದ, ನನ್ನನ್ನು ನೋಡಿದ, ಹಲಸಿನ ಮರವನ್ನೂ ಒಮ್ಮೆ ನೋಡಿದ. "ಕಾರಿಗೆ ನೀರ್ ಉಟ್ಟಾ?"

"ಉಟ್ಟು," ಎಂದು ಅವಳು ಒಳಗೆ ಹೋದಳು. ನಮ್ಮ ಮಾತಿನಲ್ಲಿ ಉಟ್ಟು ಎಂದರೆ ಇದೆ.

ಒಂದು ಕೊಡ ನೀರು ತಂದು ಕೆಳಗಿನ ಮೆಟ್ಟಿಲ ಮೇಲೆ ಇಟ್ಟಳು. ಪಕ್ಕದಲ್ಲಿ ತುಂಡು ಬಾಳೆಲೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಒಂದು ಉಂಡೆ ಬೆಲ್ಲ ಇಟ್ಟಳು. ಮೇಲೆ ಹೋಗಿ ಬಾಗಿಲ ಹಿಂದೆ ಮರೆಯಾದಳು.

ದಾರಿಯಲ್ಲಿ ದಣಿದು ಬಂದವರಿಗೆ ಬೆಲ್ಲ ನೀರು ಕೊಡುವುದು ನಮ್ಮ ಕಡೆಯ ಪದ್ಧತಿ. ಕುಶಾಲಪ್ಪನಿಗೆ ಇದು ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೆ ಅಲ್ಲಿ ಲೋಟ ಇರಲಿಲ್ಲ, ಕೊಡ ಇತ್ತು. ಕೇಳಿದ್ದು ಕಾರಿಗೆ. ಕೊಟ್ಟದ್ದೂ ಕಾರಿಗೇ ಅಲ್ಲವೇ? ಕುಶಾಲಪ್ಪ ಬೆಲ್ಲವನ್ನು ಅಂಗೈಯಲ್ಲಿಟ್ಟುಕೊಂಡು, "ಬಾವ, ಇದ್ ಎಂತಕೆ?" ಎಂದು ಕೇಳಿದ. ಒಬ್ಬ ಎಸ್ಟೇಟ್ ರೈಟರನನ್ನು ಪ್ರಶ್ನೆ ಕೇಳಿದ ಮೇಲೆ ಅವನು ಗೊತ್ತಿಲ್ಲ ಎನ್ನಬಾರದು. ನಾನು ಗಂಭೀರವಾಗಿ, "ರೇಡಿಯೇಟರ್ ಸೋರಿದರೆ ಲಾರಿಯವು ಅರಿಶಿನ ಹಾಕುವುದಿಲ್ಲೆಯಾ? ಹಂಗೆ ಇದೂ ಒಂದ್ ಮದ್ದ್. ಮಡಿಕೇರಿ ರಸ್ತೆಯ ಮನೆಯವಕ್ಕೆ ಇದೆಲ್ಲ ಗೊತ್ತಿರ್ತದೆ," ಎಂದೆ. ಕುಶಾಲಪ್ಪ ಬೆಲ್ಲವನ್ನು ರೇಡಿಯೇಟರಿನ ಬಾಯಿಗೆ ಹಾಕಿ, ಮೇಲೆ ನೀರು ಹೊಯ್ದ. ಅದು ನನ್ನ ಎರಡನೆಯ ತಪ್ಪು. ಇಡೀ ಕಥೆಗೆ ಬೇರು ಅದೇ.

ಪೂಜೆ ಆಯಿತು. ಒಂದು ಸಲದ ಪೂಜೆ ಸಾಲದೆಂದು ಕುಶಾಲಪ್ಪ ಮುಂದಿನ ಸೋಮವಾರವೂ ಹೊರಟ. ಅದೇ ತಿರುವು, ಅದೇ ಹಬೆ. "ನೀರ್ ಉಟ್ಟಾ?" "ಉಟ್ಟು." ಕೊಡ, ಬಾಳೆಲೆ, ಬೆಲ್ಲ. ಅದರ ಮುಂದಿನ ಸೋಮವಾರ ಕುಶಾಲಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಅದರ ಮುಂದಿನ ಸೋಮವಾರ ತಲೆಗೆ ಎಣ್ಣೆ. ಆ ತಿರುವಿನಲ್ಲಿ ಅವನು ಒಮ್ಮೆಯೂ ಬ್ರೇಕ್ ಒತ್ತಿದ್ದಿಲ್ಲ. ಕಾರು ತಾನಾಗಿಯೇ ನಿಲ್ಲುತ್ತಿತ್ತು. ಬೆಲ್ಲ ಇಳಿದಂತೆಲ್ಲ ರೇಡಿಯೇಟರ್ ಇನ್ನಷ್ಟು ಕಟ್ಟಿಕೊಳ್ಳುತ್ತಿತ್ತು, ಕಾರು ಇನ್ನಷ್ಟು ಕುದಿಯುತ್ತಿತ್ತು. ಖಾಲಿ ಬಾಳೆಲೆ ಕಂಡು ಯಮುನ ಇನ್ನಷ್ಟು ದೊಡ್ಡ ಉಂಡೆ ಇಡುತ್ತಿದ್ದಳು.

ಇಷ್ಟು ದಿನಕ್ಕೂ ಅವರು ಆಡಿದ ಮಾತು ಆ ಎರಡೇ. ಆದರೆ ಕುಶಾಲಪ್ಪ ಭಾಗಮಂಡಲ ತಲುಪುವವರೆಗೂ ಅದನ್ನೇ ಮೆಲುಕು ಹಾಕುತ್ತಿದ್ದ.

"ಇಂದ್ 'ಉಟ್ಟು' ಹೇಳುವಾಗ ಚೂರ್ ನಗಾಡಿದ ಹಂಗೆ ಕಂಡತ್. ಅಲ್ಲ ಬಾವ?"

"ಹಬೆಗೆ ಕಣ್ಣ್ ಕಿರಿದು ಮಾಡಿದ್ದ್," ಎಂದೆ.

ನಾನು ಹೇಳಿದ ಮೂರನೆಯ ತಪ್ಪು ಅದು. ಈಗ ನೆನೆದರೆ ನನಗೇ ನಾಚಿಕೆಯಾಗುತ್ತದೆ.

ಏಪ್ರಿಲ್‌ನಲ್ಲಿ ಬಾವಿಗಳು ಇಳಿದವು. ಒಂದು ಸೋಮವಾರ ಮೆಟ್ಟಿಲ ಮೇಲೆ ಯಮುನಳ ಬದಲು ಬೆಳ್ಳಿಯಪ್ಪನವರು ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು. "ಎಂತ ಮಾರಾಯ, ನಿನ್ನ ಕಾರಿಗೆ ಕೊಟ್ಟ ನೀರ್‌ಲಿ ನಾನೊಂದ್ ಗದ್ದೆ ನಾಟಿ ಮಾಡಕ್ಕಾಗಿತ್ತ್. ಬಾವಿಲಿ ಕೆಸರ್ ಮಾತ್ರ ಉಟ್ಟು," ಎಂದರು. ಕುಶಾಲಪ್ಪ ತಲೆ ತಗ್ಗಿಸಿದ. ಇನ್ನು ಬರುವುದು ಹೇಗೆ ಎಂದು ಅವನ ಮುಖ ಸಣ್ಣದಾಯಿತು. ಮುಂದಿನ ಸೋಮವಾರ ಹೆದರಿಕೊಂಡೇ ಹೋದೆವು. ಮೆಟ್ಟಿಲ ಮೇಲೆ ಕೊಡ ತುಂಬಿ ಇತ್ತು. ಪಕ್ಕದಲ್ಲಿ ಬೆಲ್ಲ. ಕೆಳಗಿನ ತೋಡಿನಿಂದ ಮನೆಯವರೆಗೆ ದಾರಿಯುದ್ದಕ್ಕೂ ನೀರು ತುಳುಕಿದ ಗುರುತು ಇನ್ನೂ ಹಸಿಯಾಗಿತ್ತು. ಅರ್ಧ ಮೈಲಿ ಕೆಳಗೆ ಹರಿಯುವ ಹಳ್ಳ ಅದು. ಅಂದು ಕುಶಾಲಪ್ಪ ಕೊಡದ ನೀರನ್ನು ಒಂದು ಹನಿಯೂ ಚೆಲ್ಲದ ಹಾಗೆ ರೇಡಿಯೇಟರಿಗೆ ಇಳಿಸಿದ.

ಇತ್ತ ಊರಿನಲ್ಲಿ ಬೇರೆಯೇ ಸುದ್ದಿ ಹಬ್ಬಿತ್ತು. ಮೂವತ್ನಾಲ್ಕು ವರ್ಷದ ಗಂಡಸು ಸೋಮವಾರ ತಪ್ಪದೆ ದೇವಸ್ಥಾನಕ್ಕೆ ಹೋಗುತ್ತಾನೆ, ಊಟದಲ್ಲಿ ಮನಸ್ಸಿಲ್ಲ, ಕರೆದರೆ ಎರಡನೆಯ ಸಲಕ್ಕೆ ಓಗೊಡುತ್ತಾನೆ ಎಂದರೆ ಅರ್ಥವೇನು? ವೈರಾಗ್ಯ! ಹೆಂಗಸರು ಅವನ ಕೈಯಲ್ಲಿ ಹರಕೆಯ ತೆಂಗಿನಕಾಯಿ ಕಳಿಸತೊಡಗಿದರು. ನಮ್ಮ ಎಸ್ಟೇಟಿನ ಕೂಲಿಲೈನಿನ ಮಾರಿ ಎಂಬ ಹೆಂಗಸು ಅವನ ಕಾಲಿಗೇ ಬಿದ್ದು, ಮೊಮ್ಮಗನಿಗೆ ಹೆಸರಿಡಬೇಕೆಂದು ಕೇಳಿದಳು. ಬೊಳ್ಳಪ್ಪ ದೊಡ್ಡಪ್ಪನಂತೂ ಅವನಿಗೆ ಬಂದ ಎರಡು ಸಂಬಂಧಗಳನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿದರು. "ನಮ್ಮ ಹೈದ ಸಾಧು ಆಗಿಬಿಟ್ಟ. ಸಂಸಾರದ ಮಾತ್ ಅವನ ಹತ್ರ ಎತ್ತಕ್ಕಾಗ," ಎಂದು ಎಲ್ಲರಿಗೂ ಹೆಮ್ಮೆಯಿಂದ ಹೇಳಿದರು. ಮನೆಯ ಹಿರಿಯರೇ ಹೀಗೆ ಸಾರಿದ ಮೇಲೆ, ನನಗೆ ಹೆಣ್ಣು ಕೇಳಿ ಎಂದು ಕುಶಾಲಪ್ಪ ಯಾವ ಬಾಯಲ್ಲಿ ಹೇಳಿಯಾನು?

ಜೂನ್ ತಿಂಗಳಲ್ಲಿ ಮಳೆ ಹಿಡಿಯಿತು. ಒಂದು ಮೋರಿ ಕೊಚ್ಚಿಹೋಗಿ ಭಾಗಮಂಡಲದ ರಸ್ತೆ ನಿಂತಿತು. ನಾಲ್ಕು ತಿಂಗಳು ಕಾರು ಶೆಡ್ಡಿನಲ್ಲೇ. ಒಂದು ಮಧ್ಯಾಹ್ನ ಕೊಡೆ ಹಿಡಿದು ಅವನ ಮನೆಗೆ ಹೋದೆ. ಕುಶಾಲಪ್ಪ ಶೆಡ್ಡಿನಲ್ಲಿ ಕಾರಿನೊಳಗೆ ಕೂತು, ಸ್ಟೇರಿಂಗ್ ಹಿಡಿದು, ಎದುರಿನ ಮಣ್ಣಿನ ಗೋಡೆಯನ್ನು ನೋಡುತ್ತಿದ್ದ. ನಾನೂ ಪಕ್ಕದಲ್ಲಿ ಹೋಗಿ ಕೂತೆ. ತಗಡಿನ ಮೇಲೆ ಮಳೆ ಬೀಳುವ ಸದ್ದಿಗೆ ಮಾತಾಡಿದರೆ ಕೇಳುತ್ತಲೂ ಇರಲಿಲ್ಲ. ಮಳೆಯ ಸದ್ದು ಸ್ವಲ್ಪ ತಗ್ಗಿದಾಗ ಅವನು, "ಬಾವ, ಈ ಮಳೆಗೆ ಅವರ ಬಾವಿ ತುಂಬಿರ್ದು, ಅಲ್ಲ?" ಎಂದ.

"ತುಂಬದೆ ಎಂತ?" ಎಂದೆ.

"ತೋಡಿಂದ ಹೊರುವ ಕಷ್ಟ ಇಲ್ಲೆ ಹಂಗಾರೆ," ಎಂದು ಅವನು ಗೇರು ಬದಲಾಯಿಸಿದ. ಕಾರು ಎಲ್ಲಿಗೂ ಹೋಗಲಿಲ್ಲ. ಅವನು ಹೀಗೆ ಕೂತದ್ದಕ್ಕೆ ಕಾರಣ ನನಗೆ ಹೊಳೆಯಲಿಲ್ಲ. ಕಾಫಿಗೆ ಕೊಳೆರೋಗ ಬಂದಿರಬೇಕು ಎಂದುಕೊಂಡು ಮನೆಗೆ ಹೋದೆ.

ಮಳೆ ಬಿಟ್ಟಿತು, ರಸ್ತೆ ತೆರೆಯಿತು, ತುಲಾ ಸಂಕ್ರಮಣ ಹತ್ತಿರ ಬಂತು. ಆ ವರ್ಷ ತಲಕಾವೇರಿಯಲ್ಲಿ ತೀರ್ಥ ಉಕ್ಕುವ ಮುಹೂರ್ತ ಬೆಳಗಿನ ಹೊತ್ತಿಗೆ ಬಿದ್ದಿತ್ತು. ಬೊಳ್ಳಪ್ಪ ದೊಡ್ಡಪ್ಪ ಅಪ್ಪಣೆ ಹೊರಡಿಸಿದರು: ಊರಿನ ಹಿರಿಯರನ್ನೆಲ್ಲ ಭಾಗಮಂಡಲದವರೆಗೆ ಕಾರಿನಲ್ಲಿ ಸಾಗಿಸುವುದು, ಅಲ್ಲಿಂದ ಮೇಲಕ್ಕೆ ಅವರವರ ಕಾಲು. "ಹಲಸಿನ ತಿರುವಿಲಿ ಕಾರ್ ನಿಂತ್ರೆ ಮುಹೂರ್ತ ತಪ್ಪಿತ್ತ್. ಈ ಕಾರಿನ ಕುದಿ ನಿಲ್ಲೊಕು!" ಎಂದು ಮೇಜು ಗುದ್ದಿದರು. ದೊರೆಯ ಮೇಜು ಅಲ್ಲ, ನಮ್ಮ ಹಳೆಯದೇ.

ಮಡಿಕೇರಿಯಿಂದ ಸಣ್ಣಸ್ವಾಮಿ ಬಂದ. ಹಾಸನದ ಕಡೆಯವನು, ಎರಡನೆಯ ಯುದ್ಧದಲ್ಲಿ ಮಿಲಿಟರಿ ಲಾರಿ ರಿಪೇರಿ ಮಾಡಿದವನು. ಅಂಗಳದಲ್ಲಿ ಅರ್ಧ ಊರು ನೆರೆದಿತ್ತು. ಅವನು ಬಾನೆಟ್ಟು ಎತ್ತಿದ, ಬಗ್ಗಿ ನೋಡಿದ, ರೇಡಿಯೇಟರಿನ ಮುಚ್ಚಳ ತೆಗೆದು ಬೆರಳು ಅದ್ದಿ ಮೂಸಿದ. ಆಮೇಲೆ ನೆಕ್ಕಿದ.

"ಏನ್ ಸಾಮಿ ಇದು? ಒಳಗೆ ಪಾಯಸ ಕಾಯ್ಸಿ ಮಡಗಿದ್ದೀರಲ್ಲ! ಇಲ್ನೋಡಿ, ಇರುವೆ ಮೆರವಣಿಗೆ ಹೊಂಟದೆ. ನಾನು ಬರ್ಮಾಗಂಟ ಹೋಗಿ ಬಂದಿವ್ನಿ, ಇಂಥಾ ರೇಡಿಯೇಟರ್ ಕಂಡಿಲ್ಲ!"

ಎಲ್ಲರೂ ಕುಶಾಲಪ್ಪನನ್ನು ನೋಡಿದರು. ಕುಶಾಲಪ್ಪ ನನ್ನನ್ನು ನೋಡಿದ. ನಾನು ಆಕಾಶ ನೋಡಿದೆ. ಹಿಂದಿನಿಂದ ಮಾರಿ, "ದೇವ್ರ ಪ್ರಸಾದ ಇರ್ತದೆ ಸಾಮಿ. ಸಾಧುಗಳ ಕಾರಲ್ವಾ!" ಎಂದಳು. ಸಣ್ಣಸ್ವಾಮಿ ತಕ್ಷಣ ಬೆರಳನ್ನು ಕಣ್ಣಿಗೊತ್ತಿಕೊಂಡ.

ಅವನು ರೇಡಿಯೇಟರನ್ನು ಸೋಡಾಪುಡಿಯ ಬಿಸಿನೀರಿನಲ್ಲಿ ಮೂರು ಸಲ ತೊಳೆದ. "ಆದ್ರೂ ಸಾಲ್ದು. ಒಲೆ ಮೇಲೆ ಪಾತ್ರೆ ಮಡಗಿ ಮುಚ್ಚಳ ಬಿಗಿದಂಗಾಗದೆ. ಮುಂದ್ಗಡೆಯಿಂದ ಬಂದ ಗಾಳಿ ಒಳಗೇ ಕಾದು ಕಾದು ಕುಂತ್ಕತದೆ. ಬಾನೆಟ್ ಕೊಯ್ದು ದಾರಿ ಬುಡಬೇಕು," ಎಂದ. ಬಾನೆಟ್ಟನ್ನು ಕಳಚಿ ಮರಳಿನ ಮೂಟೆಯ ಮೇಲೆ ಮಗುಚಿ ಹಾಕಿ, ಉಳಿಯಿಂದ ಒಂದೊಂದು ಗೇಣಿನ ಸೀಳು ಹೊಡೆದ. ಪ್ರತಿ ಸೀಳಿನ ಅಂಚನ್ನೂ ಒಳಗಿನಿಂದ ಮರದ ಸುತ್ತಿಗೆಯಲ್ಲಿ ತಟ್ಟಿ ಮೇಲಕ್ಕೆಬ್ಬಿಸಿದ. ಮೀನಿನ ಕಿವಿರಿನ ಹಾಗೆ ಹಿಂದಕ್ಕೆ ಬಾಯಿ ಬಿಟ್ಟವು. "ಮಳೆ ಬಂದ್ರೂ ಒಳಕ್ಕೋಗಲ್ಲ. ಬಿಸಿ ಮಾತ್ರ ಹೊರೀಕ್ ಬತ್ತದೆ." ಆ ಕಡೆ ಹದಿನಾಲ್ಕು, ಈ ಕಡೆ ಹದಿನಾಲ್ಕು. ಒಂದೊಂದು ಏಟಿಗೂ ಕುಶಾಲಪ್ಪ ಕಣ್ಣು ಮುಚ್ಚುತ್ತಿದ್ದ. ಕಾರಿನ ಮೇಲೆ ಎಂಥ ಪ್ರೀತಿ ಎಂದು ಜನ ಮೆಚ್ಚಿಕೊಂಡರು.

ಕೆಲಸ ಮುಗಿದ ಮೇಲೆ ಸಣ್ಣಸ್ವಾಮಿ ಸುಮ್ಮನಿರಲಿಲ್ಲ. ಕಾನೂನು ಬಲ್ಲವನು. ಕಾರನ್ನು ಮಡಿಕೇರಿಗೆ ಒಯ್ದು ಮೋಟಾರು ಇನ್ಸ್‌ಪೆಕ್ಟರರಿಗೆ ತೋರಿಸಿ, 'ಬಾನೆಟ್ಟಿನಲ್ಲಿ ಸೀಳು ಇಪ್ಪತ್ತೆಂಟು' ಎಂದು ಕಾರಿನ ಪುಸ್ತಕದಲ್ಲಿ ಬರೆಸಿ, ಸೀಲು ಹಾಕಿಸಿಯೇ ತಂದುಕೊಟ್ಟ.

ಸಂಕ್ರಮಣದ ಬೆಳಗ್ಗೆ ಕಾರಿನಲ್ಲಿ ಬೊಳ್ಳಪ್ಪ ದೊಡ್ಡಪ್ಪ, ನಾಲ್ಕು ಜನ ಅಜ್ಜಿಯರು, ಅವರ ಗಿಂಡಿ, ಚೊಂಬು, ಬುತ್ತಿ, ಒಂದು ಮೂಲೆಯಲ್ಲಿ ನಾನು. ಏರು ಬಂತು. ಕಾರು ಗೊರಗುಟ್ಟಲಿಲ್ಲ. ಸೀಳುಗಳಿಂದ ಬಿಸಿ ಗಾಳಿ ಸುಯ್ಯೆಂದು ಹೊರಬಂದು ಎದುರಿನ ಗಾಜನ್ನು ನೆಕ್ಕುತ್ತಿತ್ತು. ಅಜ್ಜಿಯರು ಕಾವೇರಮ್ಮನನ್ನು ಕೊಂಡಾಡಿದರು. ಹಲಸಿನ ತಿರುವು ಬಂತು.

ಯಮುನ ಮೆಟ್ಟಿಲ ಮೇಲೆ ನಿಂತಿದ್ದಳು. ನಾಲ್ಕು ತಿಂಗಳಾಗಿತ್ತು ಅವಳನ್ನು ಕಂಡು. ಕೆಂಪು ಕುಪ್ಪಸ, ಮುಡಿದ ಹೂವು, ಕೆಳಗಿನ ಮೆಟ್ಟಿಲಲ್ಲಿ ಥಳಥಳ ಬೆಳಗಿದ ಕೊಡ, ಪಕ್ಕದಲ್ಲಿ ಬಾಳೆಲೆ. ಕಾರಿನ ಸದ್ದು ದೂರದಿಂದಲೇ ಕೇಳಿ ತಂದಿಟ್ಟು ಕಾದಿದ್ದಳೆಂದು ಕಾಣುತ್ತದೆ. ಕುಶಾಲಪ್ಪನ ಕಾಲು ಆಕ್ಸಿಲರೇಟರಿನ ಮೇಲೆ ತಡವರಿಸಿತು.

"ಎಂತ ನಿಧಾನ? ಹೋಕು, ಹೋಕು! ಮುಹೂರ್ತ!" ಎಂದು ದೊಡ್ಡಪ್ಪ ಗುಡುಗಿದರು.

ಕಾರು ದಾಟಿ ಹೋಯಿತು. ಯಮುನ ಒಂದು ಹೆಜ್ಜೆ ಕೆಳಗೆ ಇಳಿದು ಹಾಗೇ ನಿಂತದ್ದು ನನಗೆ ಕಂಡಿತು. ಕುಶಾಲಪ್ಪ ಪಕ್ಕದ ಕನ್ನಡಿಯನ್ನೇ ನೋಡುತ್ತಿದ್ದ. ಮುಂದಿನ ತಿರುವಿನಲ್ಲಿ ಕಾರು ಚರಂಡಿಗೆ ಇಳಿಯುವುದರಲ್ಲಿತ್ತು. ನಾನೇ ಕೂಗಿ ಎಚ್ಚರಿಸಿದೆ. ಅವನ ಮುಖ ನೋಡಿದೆ. ಆಗ ಎಲ್ಲ ತಿಳಿಯಿತು. ಇಸ್ತ್ರಿ ಅಂಗಿ, ತಲೆಯ ಎಣ್ಣೆ, ಶೆಡ್ಡಿನಲ್ಲಿ ಕೂತು ಕೇಳಿದ ಮಾತು. ಅಲ್ಲಿಯವರೆಗೆ ನಾನು ಬುದ್ಧಿವಂತ ಎಂದುಕೊಂಡಿದ್ದೆ.

ತಲಕಾವೇರಿಯಲ್ಲಿ ತೀರ್ಥ ಉಕ್ಕಿದಾಗ ಸಾವಿರಾರು ಜನ ಕೈಯೆತ್ತಿ ಕೂಗಿದರು. ಕುಶಾಲಪ್ಪ ನನ್ನ ಕಿವಿಯಲ್ಲಿ, "ಬಾವ, ಅದ್ ತಾನಾಗೇ ಉಕ್ಕಿತ್ತ್. ನನ್ನ ಕಾರಿಗೆ ಮಾತ್ರ ಆಗದೆ ಹೋತ್," ಎಂದ. ವಾಪಸು ಬರುವಾಗಲೂ ನಿಲ್ಲಿಸಲು ದೊಡ್ಡಪ್ಪ ಬಿಡಲಿಲ್ಲ; ಕೈಯಲ್ಲಿ ತೀರ್ಥವಿದೆ, ನೇರ ಮನೆಗೆ ಎಂದರು. ಆಗ ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ.

ಮಾರನೆಯ ದಿನವೇ ಕುಶಾಲಪ್ಪ ಸೀಳುಗಳಿಗೆಲ್ಲ ಗೋಣಿಚೀಲ ತುರುಕಿ ಪರೀಕ್ಷೆ ಮಾಡಿದ. ರೇಡಿಯೇಟರ್ ಶುದ್ಧವಾಗಿತ್ತಲ್ಲ, ಕಾರು ಜಪ್ಪಯ್ಯ ಎಂದರೂ ಕುದಿಯಲಿಲ್ಲ. ಸುಟ್ಟ ಗೋಣಿಯ ವಾಸನೆ ಮಾತ್ರ ಬಂತು. ಸೀಳುಗಳನ್ನು ಬೆಸುಗೆ ಹಾಕಿ ಮುಚ್ಚಿಸಿಬಿಡುವುದೆಂದು ಮಡಿಕೇರಿಗೆ ಹೋದೆವು. ಸಣ್ಣಸ್ವಾಮಿಗೆ ಅವಮಾನವಾಯಿತು. "ಪುಸ್ತಕದಾಗೆ ಏರಿರೋ ಸೀಳು ಸಾಮಿ. ಇನ್ಸ್‌ಪೆಕ್ಟರ್ ಸಾಹೇಬ್ರು ಬರ್ಕೊಟ್ರೆ ಮುಚ್ತೀನಿ," ಎಂದು ಬೆನ್ನು ತಿರುಗಿಸಿದ.

ಇನ್ಸ್‌ಪೆಕ್ಟರರು ಸಜ್ಜನರು. ಕನ್ನಡಕ ಏರಿಸಿ ನನ್ನ ಅರ್ಜಿಯನ್ನು ಓದಿದರು. "ಅಕ್ಷರ ಚೆನ್ನಾಗಿದೆ. ಆದರೆ ಕಾರಣ ಬರೆದಿಲ್ಲವಲ್ಲ?"

"ಕಾರು ಬಿಸಿಯಾಗುತ್ತಿಲ್ಲ, ಸ್ವಾಮಿ," ಎಂದ ಕುಶಾಲಪ್ಪ.

"ಒಳ್ಳೆಯದೇ ಆಯಿತಲ್ಲ?"

"ಬಿಸಿಯಾಗಬೇಕಿತ್ತು."

ಇನ್ಸ್‌ಪೆಕ್ಟರರು ಪೆನ್ನು ಕೆಳಗಿಟ್ಟರು. "ನೋಡಿ, ಈ ಕುರ್ಚಿಯಲ್ಲಿ ಹನ್ನೊಂದು ವರ್ಷದಿಂದ ಕೂತಿದ್ದೇನೆ. ಕಾರು ಕುದಿಯುತ್ತದೆ ಎಂದು ಅತ್ತವರನ್ನು ಕಂಡಿದ್ದೇನೆ. ಕುದಿಯುವುದಿಲ್ಲ ಎಂದು ಅಳುವವರು ನೀವೇ ಮೊದಲು. ಇಪ್ಪತ್ತೆಂಟು ಎಂದು ದಾಖಲಾಗಿದೆ. ಒಂದು ಕಡಿಮೆಯಾದರೂ ಕಾರು ಹಿಡಿಸಬೇಕಾಗುತ್ತದೆ. ಹೋಗಿ, ದೇವರು ಒಳ್ಳೆಯದು ಮಾಡಲಿ," ಎಂದು ಅರ್ಜಿಯನ್ನು ಹಿಂದಕ್ಕೆ ಕೊಟ್ಟರು.

ಅದೇ ವಾರ ದೊಡ್ಡಪ್ಪ ಊಟಕ್ಕೆ ಕೂತಾಗ ಇನ್ನೊಂದು ಸುದ್ದಿ ಬಿಸಾಕಿದರು. "ಹಲಸಿನ ತಿರುವಿನ ಬೆಳ್ಳಿಯಪ್ಪನ ಗೂಡೆ, ಆ ಯಮುನಂಗೆ ತಿತಿಮತಿಯಿಂದ ಸಂಬಂಧ ಬಂದುಟ್ಟು ಗಡ. ಫಾರೆಸ್ಟ್ ಗಾರ್ಡ್. ಸೋಮವಾರ ಗೂಡೆ ನೋಡುವ ಕಾರ್ಯ. ಅಪ್ಪನ್ನೂ ಕರ್ಕಂಡ್ ಹೋಗಿ ಸಾಕುವ ಹೈದ ಗಡ. ಪುಣ್ಯವಂತೆ." ಕುಶಾಲಪ್ಪನ ಕೈಯಲ್ಲಿದ್ದ ತುತ್ತು ತಟ್ಟೆಗೇ ಬಿತ್ತು. ದೊಡ್ಡಪ್ಪ ನನ್ನ ಕಡೆಗೆ ವಾಲಿ, "ನೋಡಿದಾ? ಸಂಸಾರದ ಮಾತ್ ಬಂದ್ರೆ ಹೈದಂಗೆ ಅನ್ನ ಸೇರುದಿಲ್ಲೆ," ಎಂದು ಪಿಸುಗುಟ್ಟಿದರು.

ಕೈ ತೊಳೆಯುವಾಗ ನಾನು ಕುಶಾಲಪ್ಪನಿಗೆ, "ಹೇಳಿಬಿಡು ಮಾರಾಯ. ದೊಡ್ಡಪ್ಪಂಗೆ ಹೇಳು, ಇಲ್ಲಾರೆ ಅವಳಿಗೇ ಹೇಳು," ಎಂದೆ.

"ಕಾರ್ ನಿಂತ್ರೆ ಹೇಳುವೆ," ಎಂದ ಅವನು.

ಸೋಮವಾರ ಹೊರಟೆವು. ಏರಿನಲ್ಲಿ ಅವನು ಬೇಕೆಂದೇ ಮೊದಲನೆಯ ಗೇರಿನಲ್ಲಿ ಕಾರನ್ನು ಗೋಳಾಡಿಸಿದ. "ಬಾವ, ಬಿಸಿ ಆತಾ?" ನಾನು ಹೊರಗೆ ಕೈ ಚಾಚಿ ಮುಟ್ಟಿದೆ. "ಇಲ್ಲೆ." ಇನ್ನೊಂದು ಫರ್ಲಾಂಗಿಗೆ ಮತ್ತೆ, "ಈಗ?" "ಇಲ್ಲೆ, ಕುಶಾಲ." ಹಲಸಿನ ಮರ ಕಂಡಿತು. ಮೆಟ್ಟಿಲು ಬಂತು. ಕಾರು ಹಾರುವ ಹಕ್ಕಿಯ ಹಾಗೆ ಮುಂದೆ ಹೋಗುವುದರಲ್ಲಿತ್ತು. ಕುಶಾಲಪ್ಪ ಬ್ರೇಕ್ ಒತ್ತಿದ.

ನನ್ನ ಹಣೆ ಹೋಗಿ ಗಾಜಿಗೆ ಬಡಿಯಿತು. ಆ ಕಾರಿಗೆ ಅಷ್ಟು ಒಳ್ಳೆಯ ಬ್ರೇಕ್ ಇದೆಯೆಂದು ಅಂದೇ ತಿಳಿದದ್ದು.

ಮನೆಯ ಜಗಲಿಯಲ್ಲಿ ಬೆಳ್ಳಿಯಪ್ಪನವರು, ಖಾಕಿ ಹಾಕಿದ ಗಾರ್ಡು, ಅವನ ಕಡೆಯ ಇಬ್ಬರು ಹಿರಿಯರು ಕೂತಿದ್ದರು. ಕುಶಾಲಪ್ಪ ಆ ಹತ್ತು ಮೆಟ್ಟಿಲನ್ನು ಮೊದಲ ಸಲ ಹತ್ತಿದ. ಎಲ್ಲರೂ ಅವನನ್ನೇ ನೋಡಿದರು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ನಾನು ಬಾಯಿಪಾಠ ಮಾಡಿಸಿದ್ದೆ. ಅವನು ಬಾಯಿ ತೆರೆದ.

"ನೀರ್ ಉಟ್ಟಾ?"

ಒಳಗೆ ಕಾಫಿಯ ಲೋಟಗಳ ಸದ್ದು ನಿಂತಿತು. ಆಮೇಲೆ ಒಳಗಿನಿಂದಲೇ, "ಉಟ್ಟು."

ಯಮುನ ಕಾಫಿಯ ತಟ್ಟೆಯ ಬದಲು ನೀರಿನ ಕೊಡ ಹೊತ್ತು ಹೊರಬಂದಳು. ಅವನು ಕೊಡ ತೆಗೆದುಕೊಂಡು ಕೆಳಗಿಳಿದ. ಹೆಣ್ಣು ನೋಡಲು ಬಂದವರೂ ಏನೋ ಅನಾಹುತವೆಂದು ಅವನ ಹಿಂದೆ ಇಳಿದರು. ಕುಶಾಲಪ್ಪ ರೇಡಿಯೇಟರಿನ ಮುಚ್ಚಳ ತೆಗೆದ. ನೀರು ಅಂಚಿನವರೆಗೂ ತುಂಬಿತ್ತು. ಅವನು ನೋಡಿದ, ಕಣ್ಣು ಮುಚ್ಚಿದ, ಹೊಯ್ದ. ನೀರು ಉಕ್ಕಿ ಬಂಪರಿನ ಮೇಲಿಂದ ರಸ್ತೆಗೆ ಇಳಿದು, ಬೆಳ್ಳಿಯಪ್ಪನವರ ಪಾದ ತೊಳೆದು, ಗಾರ್ಡಿನ ಬೂಟಿನ ಸುತ್ತ ಹರಿಯಿತು. ಕೊಡ ಪೂರ್ತಿ ಖಾಲಿಯಾಗುವವರೆಗೂ ಅವನು ನಿಲ್ಲಿಸಲಿಲ್ಲ.

"ಇವ್ರೇ, ಅದು ಮೊದ್ಲೇ ಫುಲ್ ಇತ್ತಲ್ಲ?" ಎಂದ ಗಾರ್ಡು.

ಬೆಳ್ಳಿಯಪ್ಪನವರು ಮುಂದೆ ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಇಪ್ಪತ್ತೆಂಟು ಸೀಳುಗಳ ಮೇಲೂ ಸವರಿದರು. "ಕಾರ್ ತಣ್ಣಗೆ ಉಟ್ಟು," ಎಂದರು. ಆಮೇಲೆ ಅದೇ ಕೈಯನ್ನು ಕುಶಾಲಪ್ಪನ ಹಣೆಯ ಮೇಲಿಟ್ಟರು. ತುಂಬ ಹೊತ್ತು ಇಟ್ಟುಕೊಂಡೇ ನಿಂತರು.

"ಹೈದ ಕುದಿತುಟ್ಟು," ಎಂದರು.

ಗಾರ್ಡು ಒಳ್ಳೆಯ ಮನುಷ್ಯ. ಕಾಡಿನಲ್ಲಿ ಹೆಜ್ಜೆ ಗುರುತು ನೋಡಿ ಬಲ್ಲವನು. ತನ್ನ ಹಿರಿಯರ ಕಡೆ ತಿರುಗಿ, "ಬಸ್ಸಿಗೆ ಹೊತ್ತಾಯ್ತಲ್ಲ?" ಎಂದ. ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು. ನಾನು, ರೈಟರ್ ಸಾಂತಪ್ಪ, ಎದೆಯುಬ್ಬಿಸಿ, "ಬೆಳ್ಳಿಯಪ್ಪ ಮಾವ, ನಮ್ಮ ಹೈದ ನಿಮ್ಮನ್ನೂ ಕರ್ಕಂಡ್ ಹೋಗಿ ಸಾಕುವ. ಕಾರೂ ಉಟ್ಟು," ಎಂದು ಸಂಬಂಧ ಕೇಳಿಯೇಬಿಟ್ಟೆ. ನನ್ನ ಜೀವನದಲ್ಲಿ ನಾನು ಹೇಳಿದ ಒಂದೇ ಸರಿಯಾದ ಮಾತು ಅದು. ಬೆಳ್ಳಿಯಪ್ಪನವರು ಮಗಳು ನಿಂತಿದ್ದ ಕಡೆ ನೋಡಿದರು.

ಯಮುನ ಅಲ್ಲಿರಲಿಲ್ಲ. ಕುಶಾಲಪ್ಪನ ಮುಖ ಬಿಳಿಚಿತು. ಅಷ್ಟರಲ್ಲಿ ಅವಳು ಮನೆಯೊಳಗಿನಿಂದ ಬಂದು ಮೆಟ್ಟಿಲಿಳಿದಳು. ಒಂದು ಕೈಯಲ್ಲಿ ಲೋಟದಲ್ಲಿ ನೀರು, ಇನ್ನೊಂದು ಕೈಯಲ್ಲಿ ಬಾಳೆಲೆಯ ಮೇಲೆ ಬೆಲ್ಲ. ಕುಶಾಲಪ್ಪ ಬೆಲ್ಲ ತೆಗೆದುಕೊಂಡ. ಅಭ್ಯಾಸಬಲದಿಂದ ರೇಡಿಯೇಟರಿನ ಕಡೆ ತಿರುಗಿದ.

"ಅದ್ ಕಾರಿಗೆ ಅಲ್ಲ," ಎಂದಳು ಯಮುನ. "ನಿಮ್ಗೆ."

ಅವನು ಬೆಲ್ಲವನ್ನು ನೋಡಿದ, ಕಾರನ್ನು ನೋಡಿದ. "ಇಷ್ಟ್ ದಿನ ಕೊಟ್ಟದ್ದ್?"

"ಅದೂ ನಿಮ್ಗೇ. ಎಂತ ಮಾಡ್ದಿರಿ ಅದರ್ನ?"

ಕುಶಾಲಪ್ಪ ಬಾನೆಟ್ಟಿನ ಕಡೆ ಬೆರಳು ತೋರಿಸಿದ. ಯಮುನಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಎಲ್ಲಾ?" ಎಂದಳು. "ಎಲ್ಲಾ," ಎಂದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ಗೊತ್ತಾಗಲಿಲ್ಲ. ಗೊತ್ತಾಗಿದ್ದರೂ ಅಂದು ಬಾಯಿ ಬಿಡುತ್ತಿರಲಿಲ್ಲ.

"ತಿನ್ನಿ," ಎಂದಳು.

ಅವನು ಬೆಲ್ಲ ತಿಂದ. ನೀರು ಕುಡಿದ. ಒಂಬತ್ತು ತಿಂಗಳಲ್ಲಿ ಆ ಮನೆಯ ನೀರು ಅವನ ಬಾಯಿಗೆ ಬಿದ್ದದ್ದು ಅಂದೇ ಮೊದಲು. ಲೋಟದ ಕೊನೆಯ ಹನಿಯನ್ನೂ ಬಿಡದೆ ಮುಗಿಸಿ, ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡು, ಅವಳನ್ನು ನೋಡಿ ಕೇಳಿದ:

"ಇನ್ನೂ ಉಟ್ಟಾ?"

"ಉಟ್ಟು," ಎಂದಳು ಯಮುನ.